ಹಾಸಿಗೆ ಬಿಟ್ಟುಕೊಟ್ಟಾಕೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಊರೂರಿನಿಂದ ಬಂದವರಿಗೆ ಕೆಲಸದ ಜೊತೆ ಕ್ವಾರ್ಟರ್ಸೂ ಸಿಕ್ಕಿತು. ಆದರೆ ಕ್ವಾರ್ಟರ್ಸು ಕೆಲಸಕ್ಕೆ ಅಂಟಿಕೊಂಡ ಮನೆ. ನಿವೃತ್ತಿಯಾಗಿ, ಮಕ್ಕಳೂ ಓದು ಮುಗಿಸಿ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಮೇಲೆ ಅಪ್ಪ ಅಮ್ಮ ಎಲ್ಲಿಗೆ ಹೋಗಬೇಕು?

ಇಂಥದೇ ಪ್ರಶ್ನೆಗೆ 1839ರ ಚಳಿಗಾಲದಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಬಂದರಿನಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು ಉತ್ತರ ಕೊಟ್ಟಳು. ಕಣ್ಣು ಕಾಣದ, ಪಾರ್ಶ್ವವಾಯು ಬಡಿದ ಮುದುಕಿಯೊಬ್ಬಳನ್ನು ಮನೆಗೆ ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟ ಹತ್ತಿದಳು. ಮುದುಕಿಯರು ಹೆಚ್ಚಿದಾಗ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿದಳು. ಹೀಗೆ ಬೆಳೆದದ್ದು ‘ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘ. 1882ರಲ್ಲಿ ಕಲ್ಕತ್ತೆಗೆ, 1900ರಲ್ಲಿ ಬೆಂಗಳೂರಿಗೆ ಬಂದ ಈ ಸಂಘದ ವೃದ್ಧಾಶ್ರಮ ಹೊಸೂರು ರಸ್ತೆಯಲ್ಲಿದೆ. ಇಡುಗಂಟಿನ ಬಡ್ಡಿ ಇವರಿಗೆ ಬೇಡ. ಬಂದ ದಾನದಲ್ಲೇ ಆಶ್ರಮ ನಡೆಯಬೇಕು. ಬ್ಯಾಂಕಿನವರು ಕೇಳಿದರೆ ಹುಬ್ಬೇರಿಸಿಯಾರು!

ಆಕೆಯ ಸ್ವಂತ ಮುಪ್ಪು ಹೇಗೆ ಕಳೆಯಿತು? 1843ರಲ್ಲಿ ಆಕೆಯನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದ ಪಾದ್ರಿಯೇ ಮುಂದೆ ಸ್ಥಾಪಕನೆನಿಸಿಕೊಂಡ. ಕೊನೆಯ 27 ವರ್ಷ ಆಕೆ ಸಂಘದ ಮಠದಲ್ಲೇ ಮೂಲೆಗೆ ಸರಿದಿದ್ದಳು. 1879ರಲ್ಲಿ ತೀರಿಕೊಂಡಾಗ, ಇದನ್ನೆಲ್ಲ ಕಟ್ಟಿದವಳು ಈಕೆಯೇ ಎಂಬುದು ಜೊತೆಗಿದ್ದ ಕಿರಿಯ ಸನ್ಯಾಸಿನಿಯರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.