ಆರು ಜಾಡಿಗಳ ಪ್ರಯೋಗಶಾಲೆ

ರಸಾಯನಶಾಸ್ತ್ರವೂ ಕೆಮಿಕಲ್ ಇಂಜಿನಿಯರಿಂಗೂ ಒಂದೇ ಎಂದು ಅನೇಕರು ಭಾವಿಸಿರುವರು. ಪದಾರ್ಥಗಳು ಒಂದರೊಡನೊಂದು ಬೆರೆತರೆ ಏನಾಗುವುದೆಂದು ಮೊದಲನೆಯದು ತಿಳಿಸುವುದು. ಅದನ್ನೇ ಸಾವಿರಾರು ಜನರಿಗೆ ಸಾಲುವಷ್ಟು, ಮಿತವ್ಯಯದಿಂದ, ಅಪಾಯವಿಲ್ಲದೆ ಮಾಡುವ ಬಗೆಯನ್ನು ಎರಡನೆಯದು ಕಲಿಸುವುದು. ಇಂಥ ವಿದ್ಯೆಗೆ ಲಕ್ಷಗಟ್ಟಲೆ ರೂಪಾಯಿಗಳ ಪ್ರಯೋಗಶಾಲೆ ಬೇಕು, ಆದುದರಿಂದ ಅದು ಹೈಸ್ಕೂಲಿನ ಹುಡುಗಿಯರಿಗೆ ಎಟಕುವಂಥದಲ್ಲವೆಂಬ ಮಾತು ನಮಗೆ ಸಮ್ಮತವಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಆರು ಗಾಜಿನ ಜಾಡಿಗಳಲ್ಲಿ ಒಂದೊಂದು ಲೀಟರು ಕೆಸರುನೀರನ್ನು ತುಂಬಬೇಕು. 1 ಗ್ರಾಂ ಪಟಿಕವನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರು ಮಾಡಿದರೆ, ಅದರ ಪ್ರತಿ ಮಿಲಿಲೀಟರಿನಲ್ಲಿಯೂ 10 ಮಿಲಿಗ್ರಾಂ ಪಟಿಕವಿರುವುದು. ಸೂಜಿಯಿಲ್ಲದ ಸಿರಿಂಜಿನಿಂದ ಮೊದಲನೆಯ ಜಾಡಿಗೆ 1, ಎರಡನೆಯದಕ್ಕೆ 2, ಹೀಗೆ ಆರನೆಯದಕ್ಕೆ 6 ಮಿಲಿಲೀಟರು ಹಾಕಿ, 1 ನಿಮಿಷ ಬೇಗನೆಯೂ 15 ನಿಮಿಷ ಮೆಲ್ಲಗೂ ಕಲಕಿ, 30 ನಿಮಿಷ ಅಲುಗಿಸದೆ ಇಡಬೇಕು. ಅತ್ಯಲ್ಪ ಪಟಿಕದಿಂದ ಯಾವ ಜಾಡಿಯ ನೀರು ತಿಳಿಯಾಯಿತೋ ಅದೇ ತಕ್ಕ ಪ್ರಮಾಣವು. ತಿಳಿನೀರಿನಲ್ಲಿಯೂ ರೋಗಾಣುಗಳಿರಬಹುದಾದುದರಿಂದ ಅದನ್ನು ಕುಡಿಯಲಾಗದು. ನಗರಗಳ ನೀರು ಶುದ್ಧೀಕರಣ ಕೇಂದ್ರಗಳಲ್ಲಿಯೂ ಇದೇ ಬಗೆಯ ಪರೀಕ್ಷೆಯನ್ನು ನಡೆಸುವರು.

ಮೂರನೆಯ ಜಾಡಿಯೇ ಗೆದ್ದಿತೆನ್ನೋಣ. ಲೀಟರಿಗೆ 30 ಮಿಲಿಗ್ರಾಂ. ಹಾಗಾದರೆ 10 ಲಕ್ಷ ಲೀಟರಿಗೆ 30 ಕಿಲೋಗ್ರಾಂ. ಅಷ್ಟು ನೀರನ್ನು ಕಲಕುವುದು ಹೇಗೆ? ತಳದಲ್ಲಿ ಕುಳಿತ ಕೆಸರನ್ನು ಎಲ್ಲಿಗೆ ಸಾಗಿಸುವುದು? ಹುಡುಗಿಯು ತಾನಾಗಿ ಈ ಪ್ರಶ್ನೆಗಳನ್ನು ಕೇಳಿದಳೆಂದರೆ, ಇಂಜಿನಿಯರಿಂಗಿನ ಹೊಸ್ತಿಲನ್ನು ದಾಟಿದಂತೆಯೇ ಸರಿ.

ದೊಡ್ಡ ಯಂತ್ರಗಳು ಬೇಡವೆಂದು ನಾವು ಹೇಳುವುದಿಲ್ಲ. ಮುಂದಿನ ವ್ಯಾಸಂಗಕ್ಕೆ ಅವು ಬೇಕೇ ಬೇಕು. ಆದರೆ ಆರಂಭದಲ್ಲಿ, ಬೀರುವಿನೊಳಗೆ ಬೀಗಹಾಕಿಟ್ಟು ವರ್ಷಕ್ಕೊಮ್ಮೆ ತೋರಿಸುವ ಬೆಲೆಯುಳ್ಳ ಉಪಕರಣಕ್ಕಿಂತ, ಪ್ರತಿಯೊಬ್ಬಳೂ ಕೈಯಾರೆ ಅಳೆದು, ತಪ್ಪಿ, ಮತ್ತೆ ಅಳೆಯಬಹುದಾದ ಜಾಡಿಗಳೇ ಮೇಲು.

"ಹುಡುಗಿಗೇಕೆ ಕಾರ್ಖಾನೆಯ ಗೊಡವೆ?" ಎನ್ನುವವರು ಇಂದಿಗೂ ಉಂಟು. 1937ರಲ್ಲಿ ಅಮೆರಿಕದ ಎಂ.ಐ.ಟಿ.ಯಿಂದ ಈ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದ ಮಾರ್ಗರೆಟ್ ಹಚಿನ್ಸನ್ ಎಂಬ ಮಹಿಳೆಯು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ನನ್ನು ದೊಡ್ಡ ತೊಟ್ಟಿಗಳಲ್ಲಿ ತಯಾರಿಸುವ ಕಾರ್ಖಾನೆಯ ವಿನ್ಯಾಸದಲ್ಲಿ ಪ್ರಮುಖರಾಗಿದ್ದರು. ಇದಕ್ಕಿಂತ ಬೇರೆ ಉತ್ತರ ಬೇಕೆ?

ಹಳೆಯ ವಿದ್ಯಾರ್ಥಿನಿಯರೇ, ಶಾಲೆಗೆ ಕಾಣಿಕೆ ಕೊಡಬೇಕೆಂದು ಮನಸ್ಸಾದಾಗ ಹೆಸರು ಕೆತ್ತಿದ ಕಲ್ಲಿಗೆ ಮೊದಲು ಜಾಡಿ, ತಕ್ಕಡಿ, ಉಷ್ಣಮಾಪಕಗಳನ್ನು ನೆನೆಯಿರಿ. ಪೋಷಕರೇ, ಮಗಳು ಮನೆಯಲ್ಲಿ ಕೆಸರುನೀರನ್ನು ಕಲಕುತ್ತ ಕುಳಿತರೆ ಗದರದಿರಿ; ಏನು ಕಂಡೆ ಎಂದು ಕೇಳಿರಿ.