ಟ್ಯಾಪ್ ಮುರಿದವನು ಯಾರು?

ಮಲಯಾಳಂನಲ್ಲಿ ಕಡ್ಡಿಯಂಥದ್ದು ತಾನಾಗಿ ಮುರಿದರೆ ‘ಒಡಿಞ್ಞು’, ಯಾರೋ ಮುರಿದರೆ ‘ಒಡಿಚ್ಚು’. ಕನ್ನಡ ‘ಮುರಿ’ ಎಂಬ ಒಂದೇ ಧಾತುವಿನಲ್ಲಿ ಎರಡೂ ಕೆಲಸ ಮುಗಿಸುತ್ತದೆ. ಕೋಲು ಮುರಿಯಿತು, ಅವನು ಕೋಲು ಮುರಿದ. ಮಲಯಾಳಂ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದೆ. ಕೊಚ್ಚಿ, ತಿರುವನಂತಪುರಗಳ ಸಣ್ಣ ಮೆಷಿನ್ ಶಾಪುಗಳಲ್ಲಿ ಈ ವ್ಯತ್ಯಾಸಕ್ಕೆ ರೂಪಾಯಿಯ ಬೆಲೆ ಇದೆ. ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತ ಹುಡುಗ ‘ಟ್ಯಾಪ್ ಒಡಿಞ್ಞು’ ಎಂದು ಬಂದು ಹೇಳುತ್ತಾನೆ. ಪುಸ್ತಕಕ್ಕೆ ಹೋಗುವಾಗ ಅದು ‘ಒಡಿಚ್ಚು’ ಆಗಿರುತ್ತದೆ. ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಳಿದವರಿಗೆ ಎರಡು ಮಾತು. ಬೋಲ್ಟು ಕೂರಬೇಕಾದ ತೂತಿನ ಒಳಗೋಡೆಯಲ್ಲಿ ಥ್ರೆಡ್ ಕೊರೆಯುವ ಉಪಕರಣವೇ ಟ್ಯಾಪ್. ಮೊದಲು ಡ್ರಿಲ್, ಆಮೇಲೆ ಟ್ಯಾಪ್. ಒಂದು ಪೀಸಿನ ಮೇಲೆ ಮಿಲ್ಲಿಂಗ್, ಬೋರಿಂಗ್ ಎಲ್ಲ ಮುಗಿದು, ಗಂಟೆಗಟ್ಟಲೆ ಮೆಷಿನ್ ಓಡಿ, ಸಾಮಾನ್ಯವಾಗಿ ಕೊನೆಗೆ ಬರುವ ಕೆಲಸ ಇದು. ಟ್ಯಾಪ್ ತೂತಿನೊಳಗೇ ಮುರಿದರೆ ಗಟ್ಟಿ ಉಕ್ಕಿನ ಆ ತುಂಡನ್ನು ಮಾಮೂಲಿ ಡ್ರಿಲ್ಲಿನಿಂದ ತೆಗೆಯಲಾಗದು. ಸ್ಪಾರ್ಕ್ ಮೆಷಿನ್ನಿನಲ್ಲಿ ಸುಟ್ಟು ತೆಗೆಯಬೇಕು, ಇಲ್ಲವೇ ಪೀಸನ್ನೇ ಎಸೆಯಬೇಕು. ಜಾಬ್‌ವರ್ಕಿನಲ್ಲಿ ಎಷ್ಟೋ ಸಲ ಲೋಹ ಗಿರಾಕಿಯದು. ಮಾಲೀಕನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಹತ್ತಿರದಲ್ಲಿ ನಿಂತವನ ಮೇಲೆ ಬೀಳುತ್ತದೆ ಎಂಬುದೇ ಇಲ್ಲಿನ ತಕರಾರು.

ಕೈಯಲ್ಲಿ ಟ್ಯಾಪ್ ಹಾಕುವಾಗಿನ ನ್ಯಾಯ ಬೇರೆ. ಐಟಿಐಯ ಫಿಟ್ಟರ್ ಹುಡುಗರಿಗೆ ಹೇಳಿಕೊಡುವುದು ಇದನ್ನೇ: ಸ್ವಲ್ಪ ಮುಂದೆ ತಿರುಗಿಸು, ಕಾಲು ಸುತ್ತು ಹಿಂದೆ ಬಾ, ಚಿಪ್ ತುಂಡಾಗಲಿ. ಟ್ಯಾಪ್ ಬಿಗಿಯಾದರೆ ಬೆರಳಿಗೆ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಬಹುದು. ಅಲ್ಲಿ ಮುರಿದರೆ ಮುರಿದವನು ಇದ್ದಾನೆ ಎನ್ನಲು ಒಂದಿಷ್ಟು ಅರ್ಥವಿದೆ.

ಸಿಎನ್‌ಸಿಯಲ್ಲಿ ಹಾಗಿಲ್ಲ. ಎಂ6 ಟ್ಯಾಪು ಒಂದು ಸುತ್ತಿಗೆ ಸರಿಯಾಗಿ 1 ಮಿಮೀ ಇಳಿಯಬೇಕು. ಸ್ಪಿಂಡಲ್ ನಿಮಿಷಕ್ಕೆ 500 ಸುತ್ತು ತಿರುಗಿದರೆ ಫೀಡ್ ನಿಮಿಷಕ್ಕೆ 500 ಮಿಮೀ. ಜಿ84 ಎಂಬ ಆಜ್ಞೆ ಬಂದೊಡನೆ ಕಂಟ್ರೋಲರ್ ಸ್ಪಿಂಡಲ್ಲನ್ನೂ ಝಡ್ ಅಕ್ಷವನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಇದೇ ರಿಜಿಡ್ ಟ್ಯಾಪಿಂಗ್. ಆ ಕ್ಷಣದಿಂದ ಆಪರೇಟರನ ಕೈಯಲ್ಲಿರುವ ಫೀಡ್ ಓವರ್‌ರೈಡ್ ನಾಬ್ ನಿರುಪಯೋಗಿ. ಅದನ್ನು 50ಕ್ಕೆ ತಿರುಗಿಸಿದರೂ ಮೆಷಿನ್ 100ರಲ್ಲೇ ಓಡುತ್ತದೆ. ಫೀಡ್ ಹೋಲ್ಡ್ ಒತ್ತಿದರೆ ಟ್ಯಾಪ್ ತಳ ಮುಟ್ಟಿ ಮೇಲೆ ಬರುವ ತನಕ ಅದು ಕೇಳುವುದೇ ಇಲ್ಲ. ತಯಾರಕರು ಬೇಕೆಂದೇ ಹಾಗೆ ಮಾಡಿದ್ದಾರೆ, ಸರಿಯಾಗೇ ಮಾಡಿದ್ದಾರೆ. ನಡುವೆ ಯಾರಾದರೂ ಕೈ ಹಾಕಿದರೆ ಲಯ ತಪ್ಪಿ ಟ್ಯಾಪ್ ಮುರಿಯುತ್ತದೆ. ಎಮರ್ಜೆನ್ಸಿ ಬಟನ್ ಒತ್ತಬಹುದು, ಆಗ ಟ್ಯಾಪ್ ತೂತಿನೊಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾದರೆ ಮುರಿಯುವ ಆ ಎರಡು ಸೆಕೆಂಡಿನಲ್ಲಿ ಮೆಷಿನ್ನಿನ ಮುಂದೆ ನಿಂತವನು ಪ್ರೇಕ್ಷಕ. ಪ್ರೇಕ್ಷಕನಿಗೆ ದಂಡ ಹಾಕುವುದು ಯಾವ ಊರಿನ ನ್ಯಾಯ?

ಮುರಿಯುವುದಕ್ಕೆ ಕಾರಣ ಮೊದಲೇ, ಬೇರೆ ಬೇರೆ ಟೇಬಲ್ಲುಗಳ ಮೇಲೆ ತಯಾರಾಗಿರುತ್ತದೆ. ಡ್ರಾಯಿಂಗ್ ಹಾಕಿದವರನ್ನೇ ಮೊದಲು ನೋಡಿ. ತಳವಿರುವ ತೂತು, ಡ್ರಿಲ್ 20 ಮಿಮೀ ಆಳ, ಎಂ6 ಥ್ರೆಡ್ 18 ಮಿಮೀ ಆಳ ಎಂದು ಬರೆದುಬಿಡುತ್ತಾರೆ. ಟ್ಯಾಪಿನ ತುದಿಯ ಎರಡು ಮೂರು ಹಲ್ಲುಗಳು ಓರೆಯಾಗಿ ಸವರಿರುತ್ತವೆ, ಅವು ಪೂರ್ತಿ ಥ್ರೆಡ್ ಕೊರೆಯುವುದಿಲ್ಲ. ಉಳಿದ 2 ಮಿಮೀಯಲ್ಲಿ ಆ ತುದಿಯೇ ಹಿಡಿಸದು, ಚಿಪ್ ಎಲ್ಲಿ ಹೋಗಬೇಕು? ಅದಿರಲಿ, 18 ಮಿಮೀ ಥ್ರೆಡ್ ಯಾಕೆ ಬೇಕು? ಉಕ್ಕಿನಲ್ಲಿ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು, ಅಂದರೆ 9 ಮಿಮೀ ಕಚ್ಚಿಕೊಂಡರೆ ಥ್ರೆಡ್ ಕಿತ್ತು ಬರುವ ಮೊದಲು ಬೋಲ್ಟೇ ತುಂಡಾಗುತ್ತದೆ. ಉಳಿದ ಆಳ ಬೋಲ್ಟಿಗೆ ಬಲ ಕೊಡುವುದಿಲ್ಲ, ಟ್ಯಾಪಿಗೆ ಮಾತ್ರ ಅಪಾಯ ತರುತ್ತದೆ. ಕಂಪ್ಯೂಟರಿನಲ್ಲಿ ಆಳ ಹೆಚ್ಚಿಸಲು ಒಂದು ಅಂಕಿ ಒತ್ತಿದರೆ ಸಾಕು ತಾನೇ.

ಆಮೇಲೆ ಗೋಡೆಯ ಮೇಲಿನ ಚಾರ್ಟು. ಎಂ6ಕ್ಕೆ 5.0 ಡ್ರಿಲ್ ಎಂದು ಅದರಲ್ಲಿದೆ, ಅದು ವೇದವಾಕ್ಯ. ಆದರೆ 6ಎಚ್ ದರ್ಜೆಯ ಎಂ6 ಥ್ರೆಡ್ಡಿನ ಒಳವ್ಯಾಸ 4.917ರಿಂದ 5.153 ಮಿಮೀವರೆಗೆ ಇರಬಹುದು ಎನ್ನುತ್ತದೆ ಮಾನಕ. ಅಂದರೆ 5.1 ಡ್ರಿಲ್ ಹಾಕಿದರೂ ಪೀಸು ಪಾಸು, ಟ್ಯಾಪಿನ ಮೇಲಿನ ಹೊರೆ ಮಾತ್ರ ಕಡಿಮೆ. ಸ್ಟೇನ್‌ಲೆಸ್ ಸ್ಟೀಲಿನಂಥ ಹಟಮಾರಿ ಲೋಹದಲ್ಲಿ ಈ 0.1 ಮಿಮೀ ಟ್ಯಾಪಿನ ಜೀವ ಉಳಿಸಬಲ್ಲದು. ಇದನ್ನು ಕೇಳುವ ಆಪರೇಟರನಿಗೆ ಸಿಗುವ ಉತ್ತರ, ಚಾರ್ಟಿನಲ್ಲಿ ಇದ್ದ ಹಾಗೆ ಮಾಡು. ಅದೇ ಸ್ಟೇನ್‌ಲೆಸ್ಸಿನಲ್ಲಿ ಡ್ರಿಲ್ ಮೊಂಡಾಗಿದ್ದರೆ ಕೊರೆಯುವ ಬದಲು ಉಜ್ಜಿ, ತೂತಿನ ಗೋಡೆಯನ್ನು ಗಡುಸು ಮಾಡಿಬಿಡುತ್ತದೆ. ಹಿಂದೆ ಬಂದ ಟ್ಯಾಪ್ ಆ ಗಡುಸು ಪದರಕ್ಕೆ ಸಿಕ್ಕಿ ಸಾಯುತ್ತದೆ. ಹೊಸ ಡ್ರಿಲ್ ಕೇಳಿದ್ದ ಚೀಟಿ ಸ್ಟೋರಿನಲ್ಲಿ ಇನ್ನೂ ಹಾಗೇ ಬಿದ್ದಿರುತ್ತದೆ.

ಪ್ರೋಗ್ರಾಂ ಬರೆದವನು ಸ್ಪಿಂಡಲ್ ವೇಗ 500ರಿಂದ 400ಕ್ಕೆ ಇಳಿಸಿ, ಫೀಡ್ ಹಾಗೇ ಬಿಟ್ಟನೇ? ಕೂಲಂಟಿಗೆ ನೀರು ಹೆಚ್ಚು ಬೆರೆಸಿದರೇ? ತೂತಿನಿಂದ ಚಿಪ್ಪನ್ನು ಮೇಲಕ್ಕೆ ಎಳೆಯುವ ಸ್ಪೈರಲ್ ಫ್ಲೂಟ್ ಟ್ಯಾಪ್ ತರಿಸದೆ, ಚಿಪ್ಪನ್ನು ಮುಂದಕ್ಕೆ ದೂಡುವ ಅಗ್ಗದ ಟ್ಯಾಪನ್ನೇ ತಳವಿರುವ ತೂತಿಗೂ ಕೊಟ್ಟರೇ? ಈ ಪ್ರಶ್ನೆಗಳನ್ನು ಪುಸ್ತಕ ಕೇಳುವುದಿಲ್ಲ.

ಪ್ರಶ್ನೆ ಕೇಳುವುದು ಆ ನೆಲಕ್ಕೆ ಹೊಸತೇನೂ ಅಲ್ಲ ಎಂಬುದೇ ವಿಚಿತ್ರ. 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿದ ಊರು ತಿರುವನಂತಪುರ. ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಅಲ್ಲಿದೆ, ದ್ರವ ಇಂಧನದ ಎಂಜಿನ್ನುಗಳ ಕೇಂದ್ರ ವಲಿಯಮಲದಲ್ಲಿದೆ. 2021ರ ಆಗಸ್ಟ್ 12ರಂದು ಶ್ರೀಹರಿಕೋಟದಿಂದ ಹೊರಟ ಜಿಎಸ್‌ಎಲ್‌ವಿ-ಎಫ್10 ಉಪಗ್ರಹವನ್ನು ಕಕ್ಷೆಗೆ ಸೇರಿಸಲಾಗದೆ ಹೋಯಿತು. ಇಸ್ರೋ ಸಮಿತಿ ಮಾಡಿತು. ದ್ರವ ಜಲಜನಕದ ಟ್ಯಾಂಕಿನಲ್ಲಿ ಒತ್ತಡ ಕುಸಿದಿತ್ತು, ಒಂದು ವಾಲ್ವ್ ಸೋರಿದ್ದೇ ಅದಕ್ಕೆ ಕಾರಣವಿರಬೇಕು ಎಂದು ಸಮಿತಿ ಹೇಳಿತು. ವಾಲ್ವ್ ಯಾಕೆ ಸೋರಿತು ಎಂದು ಹುಡುಕಿದರೇ ಹೊರತು ಅದನ್ನು ಜೋಡಿಸಿದವನ ಸಂಬಳಕ್ಕೆ ಕೈ ಹಾಕುವುದು ತನಿಖೆಯ ಗುರಿಯಾಗಿರಲಿಲ್ಲ. ರಾಕೆಟ್ಟಿಗೆ ಸಲ್ಲುವ ಈ ಮರ್ಯಾದೆ 6 ಮಿಮೀ ಟ್ಯಾಪಿಗೆ ಯಾಕಿಲ್ಲ? ರಾಕೆಟ್ ದೊಡ್ಡದು ಎಂದು ಹೇಳಬೇಡಿ. ರಾಕೆಟ್ಟನ್ನು ಒಟ್ಟಿಗೆ ಹಿಡಿದಿರುವುದರಲ್ಲಿ ಇಂಥ ತೂತುಗಳ ಪಾಲೂ ಇದೆ.

ಬೇಜವಾಬ್ದಾರಿಯ ಆಪರೇಟರುಗಳು ಇಲ್ಲವೇ ಎಂದು ಮಾಲೀಕರು ಕೇಳುತ್ತಾರೆ. ಇದ್ದಾರೆ. ತೂತಿಗೆ ಗಾಳಿ ಹೊಡೆದು ಚಿಪ್ ತೆಗೆಯದವರು, ಸವೆದ ಟ್ಯಾಪು ಕಣ್ಣಿಗೆ ಕಂಡರೂ ಶಿಫ್ಟ್ ಮುಗಿಯಲಿ ಎಂದು ಓಡಿಸುವವರು ಇದ್ದಾರೆ. ಹಾಗಿದ್ದರೆ ತೋರಿಸಿ. ಒಂದು ಟ್ಯಾಪ್ ಎಷ್ಟು ತೂತು ಕೊರೆಯಿತು ಎಂದು ಎಣಿಸುವ ಸೌಲಭ್ಯ ಬಹಳಷ್ಟು ಕಂಟ್ರೋಲರುಗಳಲ್ಲಿ ಇರುತ್ತದೆ. ಅದನ್ನು ಯಾರೂ ತೆರೆದು ನೋಡುವುದಿಲ್ಲ. ಲೆಕ್ಕ ಇಟ್ಟರೆ ತಪ್ಪು ಎತ್ತ ಹೋಗುತ್ತದೋ ಎಂಬ ಭಯವೂ ಇರಬಹುದು.

ಕಾನೂನು ಕೂಡ ‘ಒಡಿಚ್ಚು’ ಎಂದು ಬರೆದುಕೊಂಡರೆ ಸಾಕು ಎನ್ನುವುದಿಲ್ಲ. ಹಿಂದಿದ್ದ 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಹಾನಿಯ ಬಾಬ್ತು ಸಂಬಳ ಕಡಿಯಬೇಕಾದರೆ ಆ ವಸ್ತುವನ್ನು ಜೋಪಾನ ಮಾಡಲೆಂದು ಸ್ಪಷ್ಟವಾಗಿ ಅವನಿಗೆ ಒಪ್ಪಿಸಿರಬೇಕಿತ್ತು, ಹಾನಿ ಅವನ ನಿರ್ಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕಿತ್ತು, ಕಡಿಯುವ ಮೊದಲು ಅವನ ಮಾತು ಕೇಳಬೇಕಿತ್ತು. 2019ರ ವೇತನ ಸಂಹಿತೆಯಲ್ಲೂ ಈ ಷರತ್ತುಗಳು ಉಳಿದಿವೆ. ಟ್ಯಾಪನ್ನು ಯಾರೂ ಜೋಪಾನಕ್ಕೆ ಕೊಡುವುದಿಲ್ಲ, ಸವೆಸಲೆಂದೇ ಕೊಡುತ್ತಾರೆ. ಕೇರಳದಲ್ಲಿ ಕಾರ್ಮಿಕ ಸಂಘ ಎಂದರೆ ಮಾಲೀಕರು ನಡುಗುತ್ತಾರೆ ಎಂಬ ಮಾತು ಬೆಂಗಳೂರಿನಲ್ಲೂ ಜನಪ್ರಿಯ. ನಾಲ್ಕು ಜನ ದುಡಿಯುವ, ಅವರಲ್ಲಿ ಇಬ್ಬರು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಶೆಡ್ಡಿಗೆ ಯಾವ ಸಂಘ ಬಂದೀತು? ಆ ಹುಡುಗನಿಗೆ ‘ಒಡಿಞ್ಞು’, ‘ಒಡಿಚ್ಚು’ಗಳ ವ್ಯತ್ಯಾಸವೇ ಕಿವಿಗೆ ಬೀಳದೆ ಹೋಗಬಹುದು, ಸಂಬಳದ ಕವರ್ ಕೈಗೆ ಬಂದಾಗ ತಿಳಿಯುತ್ತದೆ.

ದುಬಾರಿ ಪೀಸಿನ ಕೊನೆಯ ತೂತುಗಳಿಗೆ ಬೇರೆ ದಾರಿಯೇ ಇಲ್ಲವೆಂದೂ ಅಲ್ಲ. ಥ್ರೆಡ್ ಮಿಲ್ ಎಂಬ ಉಪಕರಣವಿದೆ. ಅದು ತೂತಿಗಿಂತ ಸಣ್ಣದು, ಒಳಗೆ ಸುರುಳಿಯಾಗಿ ಸುತ್ತುತ್ತ ಥ್ರೆಡ್ ಕೊರೆಯುತ್ತದೆ; ಮುರಿದರೂ ಸಾಮಾನ್ಯವಾಗಿ ತುಂಡು ಹೊರಗೆ ಬರುತ್ತದೆ, ಪೀಸು ಉಳಿಯುತ್ತದೆ. ಟ್ಯಾಪಿಗಿಂತ ಬೆಲೆ ಹೆಚ್ಚು, ಸಮಯ ಹೆಚ್ಚು. ಆ ಕಾರಣಕ್ಕೇ ಕೊಟೇಶನ್ನಿನಿಂದ ಅದನ್ನು ಹೊಡೆದುಹಾಕುತ್ತಾರೆ. ಹೊಡೆದುಹಾಕುವವರು ಸ್ಪಾರ್ಕ್ ಮೆಷಿನ್ನಿನ ಖರ್ಚು, ಸ್ಕ್ರ್ಯಾಪಾದ ಪೀಸಿನ ಬೆಲೆ, ಹುಡುಗನ ಸಂಬಳದಿಂದ ಕಡಿದ ದುಡ್ಡು, ಈ ಮೂರನ್ನೂ ಅದೇ ಹಾಳೆಯ ಮೇಲೆ ಪಕ್ಕದಲ್ಲೇ ಬರೆದು ಕೂಡಿ ನೋಡಲಿ.