ಫೋಟೋದಲ್ಲಿ ಲೇತ್ ಇದೆ, ಹೆಸರು ಎಲ್ಲಿ?

ಕಳೆದ ಮಾರ್ಚ್‌ನಲ್ಲಿ ಮಹಿಳಾ ದಿನಕ್ಕೆ ನಮ್ಮ ಸಂಘದಿಂದ ಒಂದು ಚಿತ್ರ ಪ್ರದರ್ಶನ ಮಾಡಿದ್ವಿ, ನೆನಪಿರಬಹುದು. ಮೆಕ್ಯಾನಿಕಲ್ ಬ್ಲಾಕಿನ ಕೆಳಗಿನ ಕಾರಿಡಾರಿನಲ್ಲಿ, ನೋಟಿಸ್ ಬೋರ್ಡ್ ಪಕ್ಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಫೋಟೋಗಳನ್ನ ಇಂಟರ್ನೆಟ್ಟಿಂದ ಇಳಿಸಿಕೊಂಡು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದ್ವಿ. ನಡುವೆ ದೊಡ್ಡದಾಗಿ ಎಲ್ಲರಿಗೂ ಗೊತ್ತಿರೋ ಆ ಹಳದಿ ಪೋಸ್ಟರ್: ಚುಕ್ಕೆ ಚುಕ್ಕೆಯ ಕೆಂಪು ವಸ್ತ್ರ ತಲೆಗೆ ಕಟ್ಟಿಕೊಂಡು, ತೋಳು ಮಡಚಿ ಮುಷ್ಟಿ ತೋರಿಸೋ ಹುಡುಗಿ. ಅದರ ಕೆಳಗೆ, ಲೇತ್ ಮೇಲೆ ಬಾಗಿ ನಿಂತ ಒಬ್ಬ ಯುವತಿಯ ಕಪ್ಪು ಬಿಳುಪು ಫೋಟೋ. ಅದಕ್ಕೆ ನಾವು ಕೊಟ್ಟಿದ್ದ ವಿವರಣೆ: ‘ಈ ಪೋಸ್ಟರಿಗೆ ಸ್ಫೂರ್ತಿಯಾದ ಜೆರಾಲ್ಡಿನ್ ಹಾಫ್ ಡಾಯ್ಲ್’.

ಅದು ತಪ್ಪು. ಹೆಸರೂ ತಪ್ಪು, ಸ್ಫೂರ್ತಿ ಅನ್ನೋದಕ್ಕೂ ಆಧಾರ ಇಲ್ಲ.

ಮೊದಲು ನಿಂತು ನೋಡಿದ್ದು ನಮ್ಮ ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ಸರ್. ಮೊದಲ ಸೆಮಿಸ್ಟರಿನಲ್ಲಿ ನಮ್ಮೆಲ್ಲರ ಕೈಗೆ ಫೈಲ್ ಕೊಟ್ಟು ಬೆವರಿಳಿಸಿದವರು. ಕನ್ನಡಕ ಹಣೆಗೇರಿಸಿ, ಫೋಟೋಗೆ ಮೂಗು ತಾಗೋ ಹಾಗೆ ಬಗ್ಗಿ ನೋಡಿ, ‘ಬರೀ ಲೇತ್ ಅಂತ ಬರೆದಿದ್ದೀರಲ್ಲಮ್ಮ, ಇದು ಟರೆಟ್ ಲೇತ್ ಕಣ್ರೀ’ ಅಂದರು. ಆಮೇಲೆ, ‘ಕಣ್ಣಿಗೆ ಏನೂ ಹಾಕಿಲ್ಲ ಈ ಮಗು. ಚಿಪ್ ಹಾರಿದ್ರೆ?’ ಕೊನೆಗೆ ಕೇಳಿದ್ದು: ‘ಈ ಹೆಸರು ಯಾರು ಹೇಳಿದ್ದು ನಿಮಗೆ?’ ಗೂಗಲ್ ಸರ್, ಅಂದ್ವಿ. ಅವರು ನಗಲಿಲ್ಲ.

ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ಹುಡುಕಿದ್ವಿ. ಸಿಕ್ಕ ಕಥೆ ಇದು.

ಆ ಫೋಟೋ ತೆಗೆದದ್ದು 1942ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಅಲಮೀಡಾ ನೌಕಾ ವಾಯುನೆಲೆಯಲ್ಲಿ. ಅದರಲ್ಲಿರೋದು ನವೋಮಿ ಪಾರ್ಕರ್, ಆಗ 20 ವರ್ಷ. ಅವರೂ ಅವರ ತಂಗಿ ಏಡಾ ಕೂಡ ಅಲ್ಲೇ ವಿಮಾನದ ಕೆಲಸಕ್ಕೆ ಸೇರಿದ್ದರು. ಫೋಟೋ ಆಗ ಪತ್ರಿಕೆಗಳಲ್ಲಿ ಬಂತು, ಹೆಸರಿನ ಸಮೇತ ಬಂತು, ನವೋಮಿ ಅದನ್ನ ಕತ್ತರಿಸಿ ಇಟ್ಟುಕೊಂಡರು. ವರ್ಷಗಳು ಕಳೆದ ಹಾಗೆ ಫೋಟೋ ಉಳಿಯಿತು, ಅದರ ಜೊತೆಗಿದ್ದ ಹೆಸರು ಉದುರಿಹೋಯಿತು. 1984ರಲ್ಲಿ ಮಿಶಿಗನ್ನಿನ ಜೆರಾಲ್ಡಿನ್ ಹಾಫ್ ಡಾಯ್ಲ್ ಒಂದು ಮ್ಯಾಗಜೀನಿನಲ್ಲಿ ಹೆಸರಿಲ್ಲದ ಈ ಫೋಟೋ ನೋಡಿ, ಇದು ನಾನೇ ಅಂದುಕೊಂಡರು. ಅವರೂ 1942ರಲ್ಲಿ ಕೆಲವೇ ದಿನ ಕಾರ್ಖಾನೆಯೊಂದರಲ್ಲಿ ಮೆಟಲ್ ಪ್ರೆಸ್ ಮೇಲೆ ಕೆಲಸ ಮಾಡಿದ್ದವರು. ಸೆಲ್ಲೋ ನುಡಿಸುತ್ತಿದ್ದರು, ಕೈಗೆ ಪೆಟ್ಟಾದೀತು ಅಂತ ಬಿಟ್ಟಿದ್ದರು. ಅವರು ಸುಳ್ಳು ಹೇಳಿದರು ಅಂತ ನಮಗೆ ಅನಿಸಲ್ಲ. ನಲವತ್ತು ವರ್ಷದ ಹಿಂದಿನ ಫೋಟೋ, ತನ್ನ ಹಾಗೇ ಇರೋ ಮುಖ, ಕೆಳಗೆ ಹೆಸರಿಲ್ಲ. ಯಾರಿಗಾದರೂ ಹಾಗನ್ನಿಸೋದು ಸಹಜ. ಬಾಕಿ ಕೆಲಸ ಪತ್ರಿಕೆಗಳು ಮಾಡಿದವು.

ನವೋಮಿಗೆ ಇದು ಗೊತ್ತಾದದ್ದು 2011ರಲ್ಲಿ, ಯುದ್ಧಕಾಲದ ಕೆಲಸಗಾರ ಮಹಿಳೆಯರ ಒಂದು ಸಮ್ಮಿಲನದಲ್ಲಿ. ಅಲ್ಲಿ ತನ್ನದೇ ಫೋಟೋ, ಕೆಳಗೆ ಬೇರೆಯವರ ಹೆಸರು. ಕತ್ತರಿಸಿಟ್ಟ ಹಳೇ ಪತ್ರಿಕೆ ಅವರ ಹತ್ತಿರ ಇತ್ತು, ಆದರೂ ಅಷ್ಟು ಹೊತ್ತಿಗೆ ಜಗತ್ತೆಲ್ಲಾ ಇನ್ನೊಂದು ಹೆಸರನ್ನ ಬಾಯಿಪಾಠ ಮಾಡಿಯಾಗಿತ್ತು. ಜೇಮ್ಸ್ ಕಿಂಬಲ್ ಅನ್ನೋ ಪ್ರಾಧ್ಯಾಪಕರು ವರ್ಷಗಟ್ಟಲೆ ಹುಡುಕಿ, ಮೂಲ ಫೋಟೋದ ಒಂದು ಪ್ರತಿ ಪತ್ತೆ ಹಚ್ಚಿದರು. ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿ ದಿನಾಂಕ, ಸ್ಥಳ, ನವೋಮಿ ಪಾರ್ಕರ್ ಅನ್ನೋ ಹೆಸರು, ಎಲ್ಲಾ ಇತ್ತು. 2016ರಲ್ಲಿ ಅವರ ಲೇಖನ ಪ್ರಕಟವಾಯಿತು. ನವೋಮಿ ತೀರಿಕೊಂಡದ್ದು 2018ರ ಜನವರಿಯಲ್ಲಿ, 96ನೇ ವಯಸ್ಸಿಗೆ. ತನ್ನ ಮುಖ ತನ್ನದೇ ಅಂತ ಲೋಕ ಒಪ್ಪಿದ್ದನ್ನ ನೋಡೋಕೆ ಸಿಕ್ಕಿದ್ದು ಎರಡೇ ವರ್ಷ.

ಪೋಸ್ಟರಿನ ವಿಷಯ ಇನ್ನೂ ಸ್ವಾರಸ್ಯ. ಜೆ. ಹೋವರ್ಡ್ ಮಿಲ್ಲರ್ ಅದನ್ನ ಬರೆದದ್ದು ವೆಸ್ಟಿಂಗ್‌ಹೌಸ್ ಕಂಪನಿಯ ಒಳಗಿನ ಬಳಕೆಗೆ. 1943ರ ಫೆಬ್ರವರಿಯಲ್ಲಿ ಸುಮಾರು ಎರಡು ವಾರ ಆ ಕಂಪನಿಯ ಕಾರ್ಖಾನೆಗಳ ಗೋಡೆ ಮೇಲಿತ್ತು, ಆಮೇಲೆ ತೆಗೆದರು. ಯುದ್ಧಕಾಲದಲ್ಲಿ ಹೊರಗಿನವರು ಅದನ್ನ ಹೆಚ್ಚು ಕಡಿಮೆ ನೋಡೇ ಇಲ್ಲ. ಅದಕ್ಕೆ ಹೆಸರು ಬಂದದ್ದು 1980ರ ದಶಕದ ಮೇಲೆ. ನವೋಮಿಯ ಫೋಟೋ ನೋಡಿಯೇ ಮಿಲ್ಲರ್ ಬರೆದರು ಅನ್ನೋದಕ್ಕೆ ಪುರಾವೆ ಇಲ್ಲ. ಎರಡರಲ್ಲೂ ತಲೆವಸ್ತ್ರಕ್ಕೆ ಚುಕ್ಕೆ ಇದೆ, ಅಷ್ಟೇ.

ಸರಿ, ಒಂದು ತಪ್ಪು ಮಾಡಿದ್ವಿ, ತಿದ್ದಿಕೊಂಡ್ವಿ. ಆದರೆ ಪ್ರದರ್ಶನದ ಉಳಿದ ಚಿತ್ರಗಳನ್ನ ಮತ್ತೆ ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಸಂಗ್ರಹದಲ್ಲಿ ಹೆಚ್ಚಿನವು ಅಮೆರಿಕದ ಯುದ್ಧ ಮಾಹಿತಿ ಕಚೇರಿಯ ಬಣ್ಣದ ಫೋಟೋಗಳು. ಆಲ್ಫ್ರೆಡ್ ಪಾಮರ್, ಹೋವರ್ಡ್ ಹಾಲೆಮ್ ಮುಂತಾದವರು ಕೊಡಾಕ್ರೋಮ್ ಫಿಲ್ಮಿನಲ್ಲಿ ತೆಗೆದದ್ದು. ಇಂಥ ಸುಮಾರು 1600 ಬಣ್ಣದ ಚಿತ್ರಗಳನ್ನ ಲೈಬ್ರರಿ ಆಫ್ ಕಾಂಗ್ರೆಸ್ ಉಳಿಸಿಕೊಂಡು, 2008ರಿಂದ ಫ್ಲಿಕರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ತುಂಬಾ ಹರಿದಾಡಿದ ಒಂದು ಚಿತ್ರ, 1943ರ ಫೆಬ್ರವರಿಯದ್ದು: ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ವಲ್ಟೀ ಕಂಪನಿಯ ಕಾರ್ಖಾನೆ, ಒಬ್ಬ ಕಪ್ಪು ಮಹಿಳೆ ಹ್ಯಾಂಡ್ ಡ್ರಿಲ್ ಹಿಡಿದು ‘ವೆಂಜೆನ್ಸ್’ ಡೈವ್ ಬಾಂಬರಿನ ಮೇಲೆ ಕೆಲಸ ಮಾಡ್ತಿದ್ದಾರೆ. ವಿವರಣೆಯಲ್ಲಿ ಕಂಪನಿಯ ಹೆಸರಿದೆ, ಊರಿದೆ, ವಿಮಾನದ ಹೆಸರಿದೆ, ಕೈಲಿರೋ ಉಪಕರಣದ ಹೆಸರೂ ಇದೆ. ಆಕೆ ಮಾತ್ರ ‘ಮಹಿಳೆ’.

ಆ ವೆಂಜೆನ್ಸ್ ನಮಗೆ ದೂರದ್ದೇನೂ ಅಲ್ಲ. ಅದೇ ಮಾದರಿಯ ವಿಮಾನಗಳನ್ನ ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಗಡಿಯಲ್ಲಿ ಹಾರಿಸಿದವು. ಆಕೆ ತೂತು ಕೊರೆದದ್ದೇ ಇಲ್ಲಿಗೆ ಬಂತು ಅಂತ ಯಾರೂ ಹೇಳೋಕಾಗಲ್ಲ. ಆದರೂ ಅದನ್ನ ಓದಿದ ಮೇಲೆ ಆ ಚಿತ್ರವನ್ನ ಬರೀ ‘ವಿಂಟೇಜ್’ ಅಂತ ಸ್ಟೇಟಸ್‌ಗೆ ಹಾಕೋಕೆ ನಮಗೆ ಮನಸ್ಸು ಬರಲಿಲ್ಲ.

ಇಷ್ಟಕ್ಕೆಲ್ಲಾ ನಮ್ಮ ತಂಡದಲ್ಲೇ ಒಂದು ತಕರಾರು ಇತ್ತು. ಇವೆಲ್ಲ ಸರ್ಕಾರಿ ಪ್ರಚಾರದ ಫೋಟೋ, ಲೈಟು ಹಾಕಿ ನಿಲ್ಲಿಸಿ ತೆಗೆದದ್ದು, ಲಿಪ್‌ಸ್ಟಿಕ್ ಕೂಡ ಕದಡಿಲ್ಲ, ಇದರಿಂದ ಏನು ಕಲಿಯೋದು ಅಂತ. ನಿಲ್ಲಿಸಿ ತೆಗೆದದ್ದು ನಿಜ. ವರ್ಕ್‌ಶಾಪಿನಲ್ಲಿ ಮೂರು ಗಂಟೆ ನಿಂತ ಯಾರ ಆಪ್ರಾನೂ ಅಷ್ಟು ಸ್ವಚ್ಛ ಇರಲ್ಲ. ಆದರೆ ಮುಖವನ್ನ ಹೇಗೆ ಬೇಕಾದರೂ ನಿಲ್ಲಿಸಬಹುದು, ಮೆಷೀನನ್ನ ಹಾಗೆ ನಟಿಸೋಕೆ ಬಿಡೋದು ಕಷ್ಟ. ಎಂಜಿನಿಯರಿಂಗ್ ಓದೋ ನಾವು ನೋಡಬೇಕಾದ್ದು ಅಲ್ಲೇ.

ಟರೆಟ್ ಲೇತನ್ನೇ ತಗೊಳ್ಳಿ. ಸಾಧಾರಣ ಸೆಂಟರ್ ಲೇತ್‌ನಲ್ಲಿ ಒಂದೊಂದು ಆಪರೇಷನ್ನಿಗೂ ಟೂಲ್ ಬದಲಿಸಿ, ಮತ್ತೆ ಸೆಟ್ ಮಾಡಿ, ಅಳೆದು, ತೆಗೆದು… ನಮ್ಮ ಮೊದಲ ಟೇಪರ್ ಟರ್ನಿಂಗ್ ಏನಾಯ್ತು ಅಂತ ಇಲ್ಲಿ ಬರೆಯೋದು ಬೇಡ. ಟರೆಟ್‌ನಲ್ಲಿ ಆರು ಮುಖದ ತಲೆಗೆ ಒಂದೊಂದು ಟೂಲ್ ಕೂರಿಸಿ, ಎಷ್ಟು ದೂರ ಹೋಗಿ ನಿಲ್ಲಬೇಕು ಅನ್ನೋದಕ್ಕೆ ಸ್ಟಾಪ್ ಕೊಟ್ಟಿರ್ತಾರೆ. ನುರಿತ ಸೆಟ್ಟರ್ ಒಬ್ಬರು ಬೆಳಿಗ್ಗೆ ಸೆಟ್ ಮಾಡಿಟ್ಟರೆ, ಕೆಲವೇ ವಾರ ತರಬೇತಿ ಪಡೆದವರು ದಿನವಿಡೀ ಒಂದೇ ಅಳತೆಯ ನೂರಾರು ಜಾಬ್ ತೆಗೀಬಹುದು. ಹೊಸಬರು ಅಷ್ಟು ಬೇಗ ಕಾರ್ಖಾನೆಗೆ ಬಂದು ನಿಲ್ಲೋಕೆ ಆದದ್ದು ಇದರಿಂದ. ಫೋಟೋದಲ್ಲಿ ಧೈರ್ಯ, ದೇಶಪ್ರೇಮ ಎಲ್ಲಾ ಕಾಣುತ್ತೆ, ಬೆಳಿಗ್ಗೆ ಬಂದು ಸೆಟ್ ಮಾಡಿ ಹೋದವರು ಕಾಣಲ್ಲ.

ರಿವೆಟಿಂಗ್ ಚಿತ್ರಗಳಲ್ಲೂ ಹೀಗೇ. ಗನ್ ಹಿಡಿದವರ ಮೇಲೆ ಬೆಳಕು ಬಿದ್ದಿರುತ್ತೆ. ಆದರೆ ವಿಮಾನದ ಹಾಳೆಗೆ ರಿವೆಟ್ ಹೊಡೆಯೋದು ಒಬ್ಬರ ಕೆಲಸ ಅಲ್ಲ. ಹಾಳೆಯ ಆ ಕಡೆ, ಒಡಲಿನ ಒಳಗೆ ಇನ್ನೊಬ್ಬರು ಬಕಿಂಗ್ ಬಾರ್ ಒತ್ತಿ ಹಿಡಿದಿರಬೇಕು, ಆಗಲೇ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳೋದು. ಗನ್ನಿನ ಪ್ರತಿ ಏಟೂ ಅವರ ಮಣಿಕಟ್ಟಿಗೆ ಬಡಿಯುತ್ತೆ. ಎಷ್ಟೋ ಫೋಟೋಗಳಲ್ಲಿ ಈ ಎರಡನೆಯವರು ಅಲ್ಯುಮಿನಿಯಂ ಹಾಳೆಯ ಹಿಂದೆ ಉಳಿದುಹೋಗಿದ್ದಾರೆ.

ನಾಟಕದ ಫೋಟೋ ಕೂಡ ಉಪಯೋಗಕ್ಕೆ ಬಂದದ್ದುಂಟು. ಆಗಿನ ಸಿನಿಮಾ ನಟಿ ವೆರೋನಿಕಾ ಲೇಕ್ ಒಂದು ಕಣ್ಣು ಮುಚ್ಚೋ ಹಾಗೆ ಕೂದಲು ಇಳಿಬಿಡುತ್ತಿದ್ದರು. ಅದೇ ಫ್ಯಾಷನ್ ಕಾರ್ಖಾನೆಗೂ ಬಂದು ಮೆಷೀನಿಗೆ ಕೂದಲು ಸಿಕ್ಕಿಕೊಳ್ಳೋ ಅಪಾಯ ಜಾಸ್ತಿಯಾದಾಗ, ಸರ್ಕಾರ ಅವರನ್ನೇ ಕೇಳಿಕೊಂಡಿತು. ಅವರು ಕೂದಲು ಮೇಲೆ ಕಟ್ಟಿದರು, ಕೂದಲು ಡ್ರಿಲ್ಲಿಂಗ್ ಮೆಷೀನಿಗೆ ಸುತ್ತಿಕೊಂಡ ಹಾಗೆ ನಟಿಸಿ ಫೋಟೋಗೂ ನಿಂತರು. ‘ದುಪಟ್ಟಾ ಹೊರಗಿಟ್ಟು ಬನ್ನಿ, ಜಡೆ ಕೋಟಿನೊಳಗೆ ಹಾಕಿ’ ಅಂತ ನಮ್ಮ ಸರ್ ಪ್ರತಿ ಬ್ಯಾಚಿಗೂ ಕೂಗೋದು ಅದನ್ನೇ. ನಮ್ಮ ಸೆಕ್ಷನ್ನಿನ ಮೂವರು ಹುಡುಗಿಯರೂ ಒಮ್ಮೊಮ್ಮೆ ಬೈಸಿಕೊಂಡವರೇ.

ಇಷ್ಟು ಬರೆದದ್ದು ಅಮೆರಿಕದ ಕಥೆ ಹೇಳೋಕೆ ಮಾತ್ರ ಅಲ್ಲ. ಯುದ್ಧ ನಮ್ಮ ಕಡೆಗೂ ಲೋಹದ ಕೆಲಸ ತಂದಿತ್ತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. 1943ರಲ್ಲಿ ಅದರ ನಿರ್ವಹಣೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಕ್ಯಾಟಲೀನಾದಂಥ ವಿಮಾನಗಳ ರಿಪೇರಿ ಅಲ್ಲಿ ನಡೆಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು, ಲೇತ್ ಮಾಡೋಕೆ. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಅದರ ಒಂದು ಲೇತ್ ಇನ್ನೂ ಓಡ್ತಿದೆ, ಈ ಬೇಸಿಗೆ ರಜದಲ್ಲಿ ಅದನ್ನ ಗುಜರಿಗೆ ಹಾಕಿ ಆ ಜಾಗಕ್ಕೆ ಸಿಎನ್‌ಸಿ ತರ್ತಾರಂತೆ. ಸಿಎನ್‌ಸಿ ಬರಲಿ, ನಮಗೂ ಬೇಕು.

ನಮ್ಮ ಜಗಳ ಇರೋದು ಕಾರಿಡಾರಿನ ಜೊತೆ. ವರ್ಕ್‌ಶಾಪಿಗೆ ಹೋಗೋ ದಾರಿಯಲ್ಲಿ ಇಪ್ಪತ್ತಮೂರು ಹಳೇ ಫೋಟೋ ತೂಗುಹಾಕಿದ್ದಾರೆ. ನಿಂತು ಎಣಿಸಿದ್ವಿ. ಎಲ್ಲದರ ಕೆಳಗೂ ಮುಖ್ಯ ಅತಿಥಿಯ ಹೆಸರಿದೆ, ಟೇಪ್ ಕತ್ತರಿಸಿದವರ ಹೆಸರಿದೆ, ಮೆಷೀನಿನ ಮಾಡೆಲ್ ಮತ್ತು ಬೆಲೆ ಕೂಡ ಇದೆ. ಆ ಮೆಷೀನಿನ ಹಿಂದೆ ಖಾಕಿ ಕೋಟು ಹಾಕಿ ನಿಂತವರಲ್ಲಿ ಒಬ್ಬರ ಹೆಸರೂ ಇಲ್ಲ. ನ್ಯಾಶ್‌ವಿಲ್ ಬಗ್ಗೆ ಬೇಸರ ಮಾಡಿಕೊಂಡ ನಾವು ಎರಡು ವರ್ಷದಿಂದ ದಿನಾ ಇದರ ಮುಂದೆ ಓಡಾಡಿದ್ವಿ. ಒಂದರಲ್ಲಿ ಹರಿಹರದ ಲೇತ್ ಪಕ್ಕ ಸೀರೆಯ ಮೇಲೆ ಕೋಟು ಹಾಕಿಕೊಂಡ ಒಬ್ಬ ಹುಡುಗಿ ಇದ್ದಾರೆ. ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಮೊದಲ ವಿದ್ಯಾರ್ಥಿನಿ ಅವರೇ ಇರಬೇಕು ಅಂತ ನಮ್ಮ ಊಹೆ. ಊಹೆಯನ್ನ ವಿವರಣೆಯಾಗಿ ಬರೆದರೆ ಏನಾಗುತ್ತೆ ಅಂತ ಮಾರ್ಚ್‌ನಲ್ಲೇ ನೋಡಿದ್ದೀವಿ, ಅದಕ್ಕೇ ಬರೆದಿಲ್ಲ.

ವಿಭಾಗದಲ್ಲಿ ವಿಚಾರಿಸಿದಾಗ, ಇದೆಲ್ಲಾ ಈಗ ಯಾಕೆ, ಪ್ರಾಜೆಕ್ಟ್ ನೋಡಿಕೊಳ್ಳಿ ಅಂದರು. ಈಗಲೇ ಯಾಕೆ ಅಂದರೆ, ಆ ಮುಖಗಳನ್ನ ಗುರುತಿಸಬಲ್ಲವರು ಕಾಲೇಜಿನಲ್ಲಿ ಉಳಿದಿರೋದು ಒಬ್ಬರೇ, ಅವರು ಬರೋ ತಿಂಗಳ ಕೊನೆಗೆ ನಿವೃತ್ತರಾಗ್ತಾರೆ. ಕೇಳಿದ್ದಕ್ಕೆ, ‘ಹನ್ನೆರಡು ಜನರನ್ನಾದರೂ ಹೇಳ್ತೀನಿ, ಉಳಿದವರಿಗೆ ಫೋನ್ ಮಾಡಿ ಕೇಳೋಣ. ಆ ಹುಡುಗಿ ಯಾರು ಅಂತ ಮಾತ್ರ ನೆನಪಾಗ್ತಿಲ್ಲ ಕಣ್ರಪ್ಪ’ ಅಂದರು. ಹಾಜರಿ ಪುಸ್ತಕಗಳು ಸ್ಟೋರ್ ರೂಮಿನಲ್ಲಿ ಇರಬಹುದಂತೆ. ಕೀ ಕೊಡಿ ಅಂತ ಅರ್ಜಿ ಕೊಟ್ಟಿದ್ದೀವಿ.

ಈ ಶನಿವಾರ ಮಧ್ಯಾಹ್ನ ಎರಡೂವರೆಗೆ ಕಾರಿಡಾರಿನಲ್ಲಿ ಸೇರ್ತಿದ್ದೀವಿ, ಸರ್ ಬರ್ತಾರೆ. ಫ್ರೇಮ್ ಬಿಚ್ಚೋಕೆ ಸ್ಕ್ರೂಡ್ರೈವರ್ ನಾವು ತರ್ತೀವಿ. ಬರೋರು ಮೆತ್ತನೆಯ ಪೆನ್ಸಿಲ್ ತನ್ನಿ, ಫೋಟೋದ ಹಿಂದೆ ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯುತ್ತೆ. ನಿಮ್ಮ ಮನೇಲಿ ಹಳೇ ಬ್ಯಾಚಿನವರು ಯಾರಾದರೂ ಇದ್ದರೆ ಅವರ ನಂಬರನ್ನೂ ಕೇಳಿಕೊಂಡು ಬನ್ನಿ.